ಉಪ್ಪು ತಿಂದ ಮಿಯಾಟಾ

2018ರ ಜೂನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಮಾಜ್ದಾ ಮಿಯಾಟಾ ತಗೊಂಡಾಗ ಚಳಿಗಾಲದ ಯೋಚನೆ ನನ್ನ ತಲೆಯಲ್ಲಿ ಇರಲೇ ಇಲ್ಲ. 2016ರ ಗಾಡಿ. ಕೆಂಪು ಬಣ್ಣ, ಇಬ್ಬರಿಗೆ ಮಾತ್ರ ಸೀಟು, ಬಟ್ಟೆಯ ಟಾಪ್, ಗೇರ್ ಕೈಯಲ್ಲೇ ಹಾಕಬೇಕು. ಚಳ್ಳಕೆರೆಯಲ್ಲಿರುವ ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ಸುತ್ತಲೂ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನಪ್ಪಾ ಇದು, ಪೂರ್ತಿ ದುಡ್ಡು ಕೊಟ್ಟು ಅರ್ಧ ಕಾರು ತಗೊಂಡಿದ್ದೀಯಲ್ಲ" ಅಂದರು. ಅಮ್ಮ ಹಿಂದಿನಿಂದ, "ಮಳೆ ಬಂದ್ರೆ ಸೋರಲ್ವಾ?" ಅಂದಳು. ಸೋರಲ್ಲಮ್ಮ ಅಂದೆ. ಹಿಮದ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾವಿರೋದು ಮಿಷಿಗನ್‌ನ ನೋವಿಯಲ್ಲಿ, ಡೆಟ್ರಾಯಿಟ್ ಪಕ್ಕ. ಇಲ್ಲಿ ಕನ್ನಡದವರು ತುಂಬಾ ಜನ ಇದ್ದೇವೆ, ಅದರಲ್ಲಿ ಮುಕ್ಕಾಲು ಪಾಲು ಜನ ಯಾವುದೋ ಒಂದು ಕಾರು ಕಂಪನಿಗೋ ಅದಕ್ಕೆ ಬಿಡಿಭಾಗ ಕೊಡುವವರಿಗೋ ಕೆಲಸ ಮಾಡುವವರು, ಹಾಗಾಗಿ ಕಾರಿನ ಬಗ್ಗೆ ಅಭಿಪ್ರಾಯ ಇಲ್ಲದವರು ಸಿಗೋದೇ ಕಷ್ಟ. ಅಕ್ಟೋಬರ್ ಬಂದು ಎಲೆ ಉದುರೋಕೆ ಶುರುವಾದ ಕೂಡಲೇ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳತೊಡಗಿದರು: ವಿಂಟರ್‌ಗೆ ಏನು ಮಾಡ್ತೀಯಾ?

ಪಕ್ಕದ ಮನೆ ಅಜ್ಜನ ಹತ್ತಿರ ಕಾರ್ವೆಟ್ ಅನ್ನೋ ಒಂದು ಹಳೇ ಸ್ಪೋರ್ಟ್ಸ್ ಕಾರು ಇದೆ. ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಪ್ರತಿ ವರ್ಷ ನವೆಂಬರ್ ಮೊದಲ ವಾರ ಅದನ್ನು ತೊಳೆದು, ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಿರಲಿ ಅಂತ ಅದಕ್ಕೊಂದು ಔಷಧಿ ಹಾಕಿ, ಟೈರಿಗೆ ಜಾಸ್ತಿ ಗಾಳಿ ತುಂಬಿ, ಬ್ಯಾಟರಿಗೆ ಸಣ್ಣ ಚಾರ್ಜರ್ ಸಿಕ್ಕಿಸಿ, ಇಲಿ ಒಳಗೆ ಹೋಗದ ಹಾಗೆ ಸೈಲೆನ್ಸರ್ ಕೊಳವೆಗೆ ಸ್ಟೀಲ್ ಉಣ್ಣೆ ತುರುಕಿ, ಮೇಲೆ ಮೆತ್ತನೆ ಹೊದಿಕೆ ಹೊದಿಸುತ್ತಾರೆ. ಏಪ್ರಿಲ್‌ವರೆಗೆ ಅದು ಬಿಸಿಲು ನೋಡಲ್ಲ. ಐದು ತಿಂಗಳ ಬಾಣಂತನ! ನನ್ನ ಮಿಯಾಟಾ ನೋಡಿ ಅವರು, "ಉಪ್ಪು ಬೀಳೋ ಮುಂಚೆ ಒಳಗೆ ಹಾಕಿಬಿಡು" ಅಂದರು. ಹಿಮ ಬೀಳೋ ಮುಂಚೆ ಅನ್ನಲಿಲ್ಲ, ಉಪ್ಪು ಅಂದರು. ಆ ವ್ಯತ್ಯಾಸ ಆಗ ನನಗೆ ತಲೆಗೆ ಹೋಗಲಿಲ್ಲ.

ನನಗೆ ಬಾಣಂತನ ಮಾಡಿಸೋ ಅನುಕೂಲ ಇರಲಿಲ್ಲ. ಮನೆಯಲ್ಲಿರೋ ಇನ್ನೊಂದು ಕಾರು ಹೋಂಡಾ ಸಿಆರ್‌ವಿ, ಅದನ್ನು ಹೆಂಡತಿ ಆ್ಯನ್ ಆರ್ಬರ್ ಕಡೆ ಕೆಲಸಕ್ಕೆ ತಗೊಂಡು ಹೋಗುತ್ತಾಳೆ. ನನ್ನ ಆಫೀಸು ಟ್ರಾಯ್‌ನಲ್ಲಿ. ಅವಳು ಪಶ್ಚಿಮಕ್ಕೆ, ನಾನು ಪೂರ್ವಕ್ಕೆ, ಬಸ್ಸು ಅನ್ನೋದು ಆಗ ನಮ್ಮ ಕಡೆ ಹೆಸರಿಗೂ ಇರಲಿಲ್ಲ. ಸರಿ, ಎಲ್ಲರೂ ಹೇಳೋ ಹಾಗೆ ಎರಡು ಸಾವಿರ ಡಾಲರ್‌ಗೆ ಒಂದು ತುಕ್ಕು ಹಿಡಿದ ಹಳೇ ಗಾಡಿ ತಗೊಂಡು ಚಳಿಗಾಲ ಕಳೆಯೋಣ ಅಂದುಕೊಂಡೆ. ಆಮೇಲೆ ಇನ್ಶೂರೆನ್ಸ್ ಎಷ್ಟಾಗುತ್ತೆ ಅಂತ ಕೇಳಿದೆ. ಮಿಷಿಗನ್‌ನಲ್ಲಿ ಆಗ ಅಪಘಾತದಲ್ಲಿ ಗಾಯ ಆದವರಿಗೆ ಜೀವನಪೂರ್ತಿ ಮಿತಿಯೇ ಇಲ್ಲದ ವೈದ್ಯಕೀಯ ಖರ್ಚು ಕೊಡಬೇಕು ಅನ್ನೋ ಕಾನೂನು ಇತ್ತು, ಅದನ್ನು ಬದಲಾಯಿಸಿದ್ದು 2019ರಲ್ಲಿ. ಹಾಗಾಗಿ ದೇಶದಲ್ಲೇ ಕಾರು ಇನ್ಶೂರೆನ್ಸ್ ತುಂಬಾ ದುಬಾರಿ ಇದ್ದ ಜಾಗ ನಮ್ಮದು. ಎರಡು ಸಾವಿರದ ಗಾಡಿಗೆ ಅವರು ಹೇಳಿದ ಕಂತು ಕೇಳಿ ಫೋನ್ ಇಟ್ಟೆ. ಮೂಗಿಗಿಂತ ಮೂಗುತಿ ಭಾರ.

ಅಂದರೆ ಓಡಿಸಬೇಕು. ಬೇರೆ ದಾರಿ ಇಲ್ಲ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ನಿಜ ಹೇಳಬೇಕು ಅಂದ್ರೆ ಒಳಗೊಳಗೇ ನನಗೆ ಅದೇ ಬೇಕಿತ್ತು.

ನವೆಂಬರ್ ಎರಡನೇ ವಾರ ಒಂದು ಬೆಳಿಗ್ಗೆ. ಹಿಮ ಇಲ್ಲ, ಮಳೆಯೂ ಇಲ್ಲ, ರಸ್ತೆ ಬರೀ ಒದ್ದೆ. 2 ಡಿಗ್ರಿ ಇತ್ತು. ನೋವಿ ರೋಡ್‌ನಿಂದ ಹೈವೇ ಕಡೆಗೆ ತಿರುಗುವಾಗ ಎರಡನೇ ಗೇರ್‌ನಲ್ಲಿ ಯಾವತ್ತೂ ಒತ್ತುವಷ್ಟೇ ಆಕ್ಸಿಲರೇಟರ್ ಒತ್ತಿದೆ. ಹಿಂದಿನ ಭಾಗ ಯಾರೋ ಪಕ್ಕಕ್ಕೆ ಎಳೆದ ಹಾಗೆ ಜಾರಿತು. ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಪಟಪಟ ಮಿನುಗಿತು, ಕಾರು ತಾನೇ ಎಂಜಿನ್ ಶಕ್ತಿ ಕಡಿಮೆ ಮಾಡಿ, ಒಂದೊಂದು ಚಕ್ರಕ್ಕೆ ಬ್ರೇಕ್ ಹಿಡಿದು ನೆಟ್ಟಗಾಯಿತು. ಒಂದು ಸೆಕೆಂಡ್ ಆಗಿರಬಹುದು. ಹಿಂದಿದ್ದ ಪಿಕಪ್‌ನವನು ಹಾರನ್ ಕೂಡ ಮಾಡಲಿಲ್ಲ, ಸುಮ್ಮನೆ ನಾಲ್ಕು ಕಾರಿನಷ್ಟು ದೂರ ಬಿಟ್ಟುಕೊಂಡ. ಅದು ಹಾರನ್‌ಗಿಂತ ಜಾಸ್ತಿ ಚುಚ್ಚಿತು.

ತಪ್ಪು ಕಾರಿನದಲ್ಲ, ಟೈರಿನದು. ನನ್ನ ಗಾಡಿ ಕ್ಲಬ್ ಅನ್ನೋ ಮಾದರಿ, ಅದಕ್ಕೆ ಕಂಪನಿ ಹಾಕಿಕೊಡೋದು 17 ಇಂಚಿನ ಬೇಸಿಗೆ ಟೈರು. ಬಿಸಿ ರಸ್ತೆಯಲ್ಲಿ ಅದು ಅಂಟಿನ ಹಾಗೆ ಹಿಡಿಯುತ್ತೆ. ಆದರೆ ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದರೆ ಆ ರಬ್ಬರ್ ಗಟ್ಟಿಯಾಗುತ್ತೆ. ಉಗುರಿನಿಂದ ಒತ್ತಿ ನೋಡಿದೆ, ಜುಲೈನಲ್ಲಿ ಸ್ವಲ್ಪ ಒಳಗೆ ಹೋಗ್ತಿದ್ದದ್ದು ಈಗ ಪ್ಲಾಸ್ಟಿಕ್ ಬಕೆಟ್ ಥರ. ತುಂಬಾ ಚಳಿಯಲ್ಲಿ ಅದನ್ನು ಓಡಿಸಿದರೆ ಬಿರುಕು ಬಿಡಬಹುದು ಅಂತ ಟೈರು ಕಂಪನಿಗಳೇ ಎಚ್ಚರಿಸುತ್ತವೆ. ಹಿಮ ಬಂದಾಗ ನೋಡಿಕೊಳ್ಳೋಣ ಅಂದುಕೊಂಡಿದ್ದೆ ನೋಡಿ, ಅದೇ ನನ್ನ ದಡ್ಡತನ. ಬದಲಾಯಿಸಬೇಕಾದ್ದು ಹಿಮ ನೋಡಿ ಅಲ್ಲ, ಚಳಿ ನೋಡಿ.

ಚಳಿಗಾಲದ ಟೈರು ಹುಡುಕೋಕೆ ಕೂತರೆ ಅದೇ ಒಂದು ಲೋಕ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಗುರುತು ಇದ್ದರೆ ಹಿಮದ ಪರೀಕ್ಷೆ ಪಾಸಾದ ಟೈರು ಅಂತ. ಎಂ ಪ್ಲಸ್ ಎಸ್, ಅಂದರೆ ಕೆಸರು ಮತ್ತು ಹಿಮ, ಅಂತ ಮಾತ್ರ ಬರೆದಿದ್ದರೆ ಅದಕ್ಕೆ ಅಷ್ಟು ಬೆಲೆ ಕೊಡಬೇಡಿ, ಅದಕ್ಕೆ ಮೈಮೇಲಿನ ಗೀರಿನ ವಿನ್ಯಾಸ ಸಾಕು, ಹಿಮದ ಮೇಲೆ ಓಡಿಸಿ ನೋಡಿರಬೇಕು ಅಂತೇನಿಲ್ಲ. ಫಿನ್ಲೆಂಡಿನ ನೋಕಿಯನ್ ಕಂಪನಿಯ ಹಕ್ಕಪೆಲಿಟ್ಟ ಅನ್ನೋ ಟೈರನ್ನು ಎಲ್ಲರೂ ಹೊಗಳುತ್ತಾರೆ, 1936ರಿಂದ ಇರೋ ಹೆಸರಂತೆ. ಇಲ್ಲಿಯವರು ಪ್ರೀತಿಯಿಂದ "ಹಕ್ಕ" ಅಂತಾರೆ. ಅಂಗಡಿಯವನು "ಹಕ್ಕ ಬೇಕಾ?" ಅಂತ ಕೇಳಿದಾಗ ನನ್ನ ಬಾಯಿಗೆ ಬುಕ್ಕ ಬಂದು ನಿಂತಿದ್ದ, ನುಂಗಿಕೊಂಡೆ. ಬೆಲೆ ನೋಡಿ ಕೊನೆಗೆ ಬ್ರಿಡ್ಜ್‌ಸ್ಟೋನ್ ಕಂಪನಿಯ ಚಳಿಗಾಲದ ಟೈರು ಬ್ಲಿಜಾಕ್‌ಗೆ ಬಂದೆ.

17ರ ಬದಲು 16 ಇಂಚಿನ ಚಕ್ರ, 195/50 ಟೈರು ತಗೊಂಡೆ. ಇದು ಇದೇ ಮಿಯಾಟಾದ ಕಡಿಮೆ ಬೆಲೆಯ ಮಾದರಿಗೆ ಕಂಪನಿಯೇ ಕೊಡೋ ಅಳತೆ. ಟೈರು ಸ್ವಲ್ಪ ಕಿರಿದಾದಷ್ಟೂ ಹಿಮವನ್ನು ಸೀಳಿಕೊಂಡು ಹೋಗುತ್ತೆ, ಪಕ್ಕದ ರಬ್ಬರ್ ಎತ್ತರ ಇದ್ದಷ್ಟೂ ಗುಂಡಿಯ ಏಟು ತಡೆಯುತ್ತೆ, ಬೆಲೆಯೂ ಕಡಿಮೆ. ಬ್ರೆಂಬೊ ಅನ್ನೋ ದೊಡ್ಡ ಬ್ರೇಕ್ ಇರೋ ಗಾಡಿ ಆಗಿದ್ದರೆ ಈ ಸಣ್ಣ ಚಕ್ರ ಕೂರೋದು ಕಷ್ಟ ಇತ್ತು, ನನ್ನದರಲ್ಲಿ ಇರಲಿಲ್ಲ, ಬಚಾವ್. ಚಕ್ರ ಸಮೇತ ನಾಲ್ಕಕ್ಕೆ 900 ಡಾಲರ್ ಹತ್ತಿರ ಆಯಿತು. ಚಕ್ರಕ್ಕೇ ಹಾಕಿಸಿ ಇಟ್ಟುಕೊಂಡರೆ ವರ್ಷಕ್ಕೆ ಎರಡು ಸಲ ಟೈರು ಕಳಚಿ ಹಾಕಿಸೋ ಖರ್ಚು ಉಳಿಯುತ್ತೆ, ಮನೆಯಲ್ಲೇ ಬದಲಾಯಿಸಬಹುದು.

ಮನೆಯಲ್ಲೇ ಅಂದೆ ಅಲ್ವಾ, ಅದಕ್ಕೆ ಒಂದು ಶನಿವಾರ ಪೂರ್ತಿ ಹೋಯಿತು. ಈ ಕಾರಿಗೆ ಸ್ಟೆಪ್ನಿಯೇ ಇಲ್ಲ, ಜಾಕ್ ಕೂಡ ಕೊಡಲ್ಲ, ಪಂಕ್ಚರ್ ಆದರೆ ಅಂಟು ತುಂಬಿಸೋ ಒಂದು ಡಬ್ಬಿ ಅಷ್ಟೇ. ಕಡಿಮೆ ಎತ್ತರದ ಟ್ರಾಲಿ ಜಾಕ್, ನಟ್ಟು ಎಷ್ಟು ಬಿಗಿಯಾಯಿತು ಅಂತ ಅಳೆಯೋ ಟಾರ್ಕ್ ರೆಂಚ್ ಎರಡನ್ನೂ ತಂದೆ. ಪ್ರತಿ ನಟ್ಟನ್ನೂ 90 ಪೌಂಡ್-ಅಡಿಗೆ ಬಿಗಿ ಮಾಡಿ, 50 ಮೈಲಿ ಓಡಿಸಿದ ಮೇಲೆ ಮತ್ತೆ ನೋಡಿದೆ. ಬೇಸಿಗೆ ಚಕ್ರಗಳು ಈಗ ನಮ್ಮ ದೇವರ ಕೋಣೆ ಪಕ್ಕದ ಕಪಾಟಿನಲ್ಲಿ. ರಬ್ಬರ್ ವಾಸನೆಗೆ ಊದುಬತ್ತಿ ಎರಡು ಜಾಸ್ತಿ ಹಚ್ಚಬೇಕಾಯಿತು.

ನವೆಂಬರ್ ಕೊನೆಗೆ ಬೆರಳಿನಷ್ಟು ದಪ್ಪ ಸ್ನೋ ಬಿತ್ತು. ಭಾನುವಾರ ಬೆಳಿಗ್ಗೆ ಆರಕ್ಕೆ ಎದ್ದು, ಮುಚ್ಚಿಹೋಗಿದ್ದ ಒಂದು ದೊಡ್ಡ ಅಂಗಡಿಯ ಪಾರ್ಕಿಂಗ್‌ಗೆ ಹೋದೆ. ದೀಪದ ಕಂಬಗಳಿಂದ ದೂರ ಬಂದು, ಕಾರು ಜಾರದ ಹಾಗೆ ತಡೆಯೋ ಸ್ಟೆಬಿಲಿಟಿ ಕಂಟ್ರೋಲ್ ಬಂದ್ ಮಾಡಿ, ಬೇಕಂತಲೇ ಜಾರಿಸಿದೆ. ಮೊದಲ ನಾಲ್ಕು ಸಲ ಪೂರ್ತಿ ತಿರುಗಿ, ಬಂದ ದಾರಿ ನೋಡಿಕೊಂಡು ನಿಂತೆ. ಐದನೇ ಸಲ ಹೊಳೆಯಿತು. ಹಿಂಭಾಗ ಎಡಕ್ಕೆ ಹೋದರೆ ಸ್ಟೀರಿಂಗ್ ಕೂಡ ಎಡಕ್ಕೆ, ಆಕ್ಸಿಲರೇಟರ್‌ನಿಂದ ಕಾಲು ಮೆಲ್ಲಗೆ ಎತ್ತಬೇಕು, ಬ್ರೇಕ್ ಮುಟ್ಟಲೇಬಾರದು. ಎಲ್ಲಕ್ಕಿಂತ ಮುಖ್ಯ, ಕಣ್ಣು ಹೋಗಬೇಕಾದ ಕಡೆ ಇರಬೇಕು. ಕಂಬ ನೋಡಿದರೆ ಕೈ ತಾನಾಗಿಯೇ ಕಂಬದ ಕಡೆ ತಿರುಗಿಸುತ್ತೆ. ಇದನ್ನೆಲ್ಲ ಓದಿ ತಿಳಿದಿದ್ದೆ, ಆದರೆ ಸೊಂಟಕ್ಕೆ ಗೊತ್ತಾಗೋದೇ ಬೇರೆ. ಈ ಕಾರಿನಲ್ಲಿ ಹಿಂದಿನ ಚಕ್ರದ ಮೇಲೆಯೇ ಕೂತಿರುವಷ್ಟು ಹಿಂದೆ ಕೂರುತ್ತೇವೆ, ಹಾಗಾಗಿ ಜಾರೋಕೆ ಶುರುವಾಗುವ ಮುಂಚೆಯೇ ಸೀಟು ಹೇಳಿಬಿಡುತ್ತೆ.

ಇನ್ನೊಂದು ಅವತ್ತೇ ಗೊತ್ತಾಯಿತು. ಮಧ್ಯಾಹ್ನ ಅದೇ ಜಾಗಕ್ಕೆ ಸಿಆರ್‌ವಿ ತಗೊಂಡು ಹೋಗಿ ಗಂಟೆಗೆ 25 ಮೈಲಿ ವೇಗದಲ್ಲಿ ಬ್ರೇಕ್ ಹಿಡಿದೆ. ಅದು ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ ಗಾಡಿ, ಟೈರು ಮಾತ್ರ ಎಲ್ಲಾ ಕಾಲಕ್ಕೂ ಅನ್ನೋ ಮಾಮೂಲಿಯದು. ಮಿಯಾಟಾ ನಿಂತ ಗುರುತು ದಾಟಿ ಇನ್ನೂ ಎರಡು ಕಾರಿನ ಉದ್ದ ಮುಂದೆ ಹೋಗಿ ನಿಂತಿತು. ನಾಲ್ಕು ಚಕ್ರದ ಡ್ರೈವ್ ಹೊರಡೋಕೆ ಸಹಾಯ ಮಾಡುತ್ತೆ, ನಿಲ್ಲೋಕೆ ಅಲ್ಲ. ನಿಲ್ಲಿಸೋದು ರಬ್ಬರು. ಹೆಂಡತಿಗೆ ಇದನ್ನು ವಿವರವಾಗಿ ಹೇಳಿದೆ. "ಹಾಗಾದ್ರೆ ನನ್ನ ಗಾಡಿಗೂ ಅದೇ ಟೈರು ಹಾಕಿಸಿ" ಅಂದಳು. ಇನ್ನೊಂದು 800 ಡಾಲರ್. ಬಾಯಿ ಮುಚ್ಚಿಕೊಂಡು ಇರಬೇಕಿತ್ತು.

ಈಗ ಉಪ್ಪಿನ ವಿಷಯಕ್ಕೆ ಬರುತ್ತೇನೆ, ಯಾಕಂದ್ರೆ ಅಜ್ಜ ಹೇಳಿದ್ದೇ ಕೊನೆಗೆ ನಿಜವಾದ ವಿಷಯ ಆಗಿದ್ದು. ಡೆಟ್ರಾಯಿಟ್ ಊರಿನ ಕೆಳಗೆ ಸುಮಾರು 1,100 ಅಡಿ ಆಳದಲ್ಲಿ ಒಂದು ಉಪ್ಪಿನ ಗಣಿ ಇದೆ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರ ಒಣಗಿ ಉಳಿದ ಉಪ್ಪು. ಕೆಳಗೆ ರಸ್ತೆಗಳೇ 100 ಮೈಲಿಗೂ ಜಾಸ್ತಿ ಇವೆಯಂತೆ. ಮೇಲೆ ಕಾರು ಮಾಡುತ್ತಾರೆ, ಕೆಳಗಿನಿಂದ ಅದನ್ನು ತಿನ್ನೋ ಉಪ್ಪು ತೆಗೆಯುತ್ತಾರೆ! ಸ್ನೋ ಬರುತ್ತೆ ಅಂತ ಗೊತ್ತಾದರೆ ಹಿಂದಿನ ದಿನವೇ ಟ್ಯಾಂಕರ್‌ಗಳು ಉಪ್ಪು ನೀರನ್ನು ರಸ್ತೆಗೆ ಬಿಟ್ಟುಕೊಂಡು ಹೋಗುತ್ತವೆ. ಒಣಗಿದಾಗ ಉದ್ದಕ್ಕೂ ಸಮಾನ ಅಂತರದಲ್ಲಿ ಬಿಳಿ ಗೆರೆಗಳು, ಯಾರೋ ಮೈಲಿಗಟ್ಟಲೆ ರಂಗೋಲಿ ಎಳೆಯೋಕೆ ಶುರುಮಾಡಿ ಅರ್ಧಕ್ಕೇ ಬಿಟ್ಟ ಹಾಗೆ. ಸ್ನೋ ಬಿದ್ದ ಮೇಲೆ ಹರಳುಪ್ಪು. ಮೈನಸ್ 9ರ ಆಚೆಗೆ ಬರೀ ಉಪ್ಪು ಅಷ್ಟಾಗಿ ಕೆಲಸ ಮಾಡಲ್ಲ, ಆಗ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸುತ್ತಾರೆ. ಇದೆಲ್ಲ ಕರಗಿ ಕಾರಿನ ಹೊಟ್ಟೆಯಡಿ ಪ್ರತಿ ಸಂದಿಗೂ ಹೋಗಿ ಕೂರುತ್ತೆ.

ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಕಾರಿಗೆ ಒಳ್ಳೆಯದು ಅಂದುಕೊಂಡಿದ್ದೆ. ಉಲ್ಟಾ. ಹೊರಗೆ ಮೈನಸ್ 10ರಲ್ಲಿ ಉಪ್ಪು ಮೆತ್ತಿದ ಹಿಮ ಹೆಪ್ಪುಗಟ್ಟಿ ಸುಮ್ಮನೆ ಇರುತ್ತೆ, ತುಕ್ಕಿನ ಕೆಲಸವೂ ನಿಧಾನ. ಒಳಗೆ ತಂದಿಟ್ಟರೆ ರಾತ್ರಿಯೆಲ್ಲ ಕರಗಿ ತೊಟ್ಟಿಕ್ಕುತ್ತಾ, ಬೆಚ್ಚಗಿನ ಉಪ್ಪು ನೀರಿನಲ್ಲಿ ಕಬ್ಬಿಣ ನೆನೆಹಾಕಿದ ಹಾಗೆ. ನಮ್ಮ ಗ್ಯಾರೇಜಿಗೆ ಹೀಟರ್ ಇಲ್ಲ, ಆದರೆ ಮನೆಗೆ ಅಂಟಿಕೊಂಡಿರೋದ್ರಿಂದ ಸೊನ್ನೆಯ ಆಸುಪಾಸಿನಲ್ಲೇ ಇರುತ್ತೆ, ಅಂದರೆ ಸರಿಯಾಗಿ ಕೆಟ್ಟ ಜಾಗದಲ್ಲಿ.

ಅದಕ್ಕೆ ಕಾರಿನ ತಳಕ್ಕೆ ಎಣ್ಣೆ ಹೊಡೆಸಬೇಕು ಅಂತ ಅಜ್ಜನೇ ಹೇಳಿದರು. ಕಪ್ಪು ಡಾಂಬರಿನಂಥದ್ದು ಬೇಡ, ಅದು ಒಂದು ಕಡೆ ಬಿರುಕು ಬಿಟ್ಟರೆ ನೀರು ಒಳಗೆ ಸಿಕ್ಕಿಕೊಂಡು ತುಕ್ಕು ಕಾಣದ ಹಾಗೆ ಬೆಳೆಯುತ್ತೆ. ಒಣಗದೇ ಜಿಡ್ಡಾಗಿಯೇ ಉಳಿಯೋದು ಬೇಕು ಅಂದರು. ಫ್ಲೂಯಿಡ್ ಫಿಲ್ಮ್ ಅನ್ನೋ ಡಬ್ಬಿ ತಂದೆ. ಗ್ಯಾರೇಜಿನಲ್ಲಿ ಕಾರು ಎತ್ತಿ, ನಾಲ್ಕು ಸ್ಟ್ಯಾಂಡ್ ಮೇಲೆ ಕೂರಿಸಿ, ಕೆಳಗೆ ಮಲಗಿ ಮೊದಲ ಸಲ ಸ್ಪ್ರೇ ಹೊಡೆದೆ, ನೋಡಿ, ಆ ವಾಸನೆ! ತಕ್ಷಣ ಗುರುತು ಸಿಕ್ಕಿತು. ಮಳೆಯಲ್ಲಿ ನೆಂದ ಕಂಬಳಿ. ಡಬ್ಬಿ ತಿರುಗಿಸಿ ಓದಿದರೆ ಲ್ಯಾನೊಲಿನ್, ಅಂದರೆ ಕುರಿಯ ಉಣ್ಣೆಯ ಜಿಡ್ಡು.

ಚಳ್ಳಕೆರೆ ಕಡೆಯವರಿಗೆ ಕಂಬಳಿ ಬಗ್ಗೆ ಹೇಳಬೇಕಾಗಿಲ್ಲ. ನಮ್ಮ ತಾತ ಹೊಲಕ್ಕೆ ಹೋಗುವಾಗ ಕರಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಮೇಲೆ ಹಾಕಿಕೊಂಡರೆ ಮಳೆ ಹನಿ ಮೇಲಿಂದಲೇ ಜಾರಿಹೋಗುತ್ತಿತ್ತು. ತೊಳೀಬೇಡ್ರೋ, ಜಿಡ್ಡು ಹೋಗುತ್ತೆ ಅಂತ ಬೈಯುತ್ತಿದ್ದರು. ಅಪ್ಪನಿಗೆ ಆ ಡಬ್ಬಿ ತೋರಿಸಿ ವಿಷಯ ಹೇಳಿದೆ. ಜೋರಾಗಿ ನಕ್ಕು, "ಅಂದ್ರೆ ಕಾರಿಗೂ ಕಂಬಳಿ ಹೊದಿಸಿದ್ದೀಯ ಅನ್ನು" ಅಂದರು. ಆ ಕಾರಿನ ಬಗ್ಗೆ ಅವರು ನಕ್ಕಿದ್ದು ಅದೇ ಮೊದಲು. ಮೂರು ಡಬ್ಬಿ ಖಾಲಿಯಾಯಿತು. ಬಾಗಿಲ ಕೆಳಗಿನ ನೀರು ಹೋಗೋ ತೂತು ಮುಚ್ಚದ ಹಾಗೆ, ಬ್ರೇಕ್ ಡಿಸ್ಕ್ ಮೇಲೆ ಒಂದು ಹನಿಯೂ ಬೀಳದ ಹಾಗೆ ನೋಡಿಕೊಂಡೆ. ಒಂದು ವಾರ ಮನೆಯೆಲ್ಲ ಕುರಿಹಟ್ಟಿ.

ಡಿಸೆಂಬರ್‌ನಲ್ಲಿ ಸ್ನೋ ಹೆಚ್ಚು ಬೀಳಲೇ ಇಲ್ಲ. ಬರೀ ಚಳಿ, ಬರೀ ಉಪ್ಪು. ದಿನಾ ಓಡಾಟದಲ್ಲಿ ನನಗೆ ಗೊತ್ತಾದ ಒಂದೆರಡು ಮಾತು. ಕಾರು ಚಿಕ್ಕದು ಆಗಿರೋದ್ರಿಂದ ಒಳಗೆ ಬಹಳ ಬೇಗ ಬೆಚ್ಚಗಾಗುತ್ತೆ, ಸಿಆರ್‌ವಿಯಲ್ಲಿ ಆಫೀಸು ಬರೋ ಹೊತ್ತಿಗೆ ಆಗೋ ಬಿಸಿ ಇದರಲ್ಲಿ ಹೈವೇ ಹತ್ತೋ ಹೊತ್ತಿಗೆ ಆಗಿರುತ್ತೆ. ಬೆಳಿಗ್ಗೆ ಮೊದಲ ಹತ್ತು ನಿಮಿಷ ಎರಡನೇ ಗೇರ್ ಹಠ ಮಾಡುತ್ತೆ, ಒತ್ತಾಯ ಮಾಡಬಾರದು, ಒಂದರಿಂದ ಎರಡಕ್ಕೆ ಹೋಗುವಾಗ ಅರೆ ಗಳಿಗೆ ಕಾಯಬೇಕು. ಕೆಳಗೆ ಕೂರೋದ್ರಿಂದ ಮುಂದಿನ ಟ್ರಕ್ ಎರಚುವ ಉಪ್ಪು ನೀರು ನೇರ ನಮ್ಮ ಕಣ್ಣ ಮಟ್ಟಕ್ಕೇ ಬಂದು ಬಡಿಯುತ್ತೆ. ಗಾಜು ತೊಳೆಯೋ ನೀಲಿ ನೀರು ವಾರಕ್ಕೊಂದು ಗ್ಯಾಲನ್ ಬೇಕಾಯಿತು. ಬಟ್ಟೆ ಟಾಪ್ ಮೇಲಿನ ಸ್ನೋ ತೆಗೆಯೋಕೆ ಸ್ಪಂಜಿನಂಥ ಮೆತ್ತನೆ ಬ್ರಷ್ಷೇ ಬೇಕು, ಐಸ್ ಕೆರೆಯೋ ಪ್ಲಾಸ್ಟಿಕ್ ಹಚ್ಚಿದರೆ ಹರಿದುಹೋಗುತ್ತೆ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಬಾರದು, ಒದ್ದೆ ಇದ್ದರೆ ಅಲ್ಲೇ ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತೆ, ಗೇರ್‌ನಲ್ಲಿ ಬಿಡಬೇಕು. ಇದು ನನಗೆ ಗೊತ್ತಾಗಿದ್ದು ಹೇಗೆ ಅಂತ ಕೇಳಬೇಡಿ.

ಮತ್ತೆ ಸ್ನಾನ. ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕು ಅಂತಾರಲ್ಲ, ಕಾರಿಗೆ ಅದು ಅಕ್ಷರಶಃ. ಬ್ರಷ್ ತಾಗಿಸದೆ ಕೆಳಗಿಂದಲೂ ನೀರು ಹೊಡೆಯೋ ಒಂದು ವಾಶ್‌ನಲ್ಲಿ ತಿಂಗಳ ಪಾಸ್ ಮಾಡಿಸಿಕೊಂಡು ವಾರಕ್ಕೆ ಎರಡು ಸಲ ಹೋಗುತ್ತಿದ್ದೆ. ತುಂಬಾ ಚಳಿಯಲ್ಲಿ ಅವರೂ ಮುಚ್ಚಿರುತ್ತಾರೆ, ಬಾಗಿಲ ರಬ್ಬರ್‌ಗೆ ಸಿಲಿಕಾನ್ ಹಚ್ಚದಿದ್ದರೆ ತೊಳೆಸಿದ ಕಾರಿನ ಬಾಗಿಲು ಮನೆಗೆ ಬಂದ ಮೇಲೆ ತೆರೆಯೋದೇ ಇಲ್ಲ.

ಜನವರಿ 28ಕ್ಕೆ ಒಳ್ಳೆ ಸ್ನೋ ಬಿತ್ತು. ಹೈವೇಯಲ್ಲಿ ಏನೂ ತೊಂದರೆ ಆಗಲಿಲ್ಲ. ಇಕ್ಕೆಲದಲ್ಲಿ ದೊಡ್ಡ ದೊಡ್ಡ ಎಸ್‌ಯುವಿಗಳು ಹಳ್ಳಕ್ಕೆ ಮೂಗು ತೂರಿಸಿಕೊಂಡು ನಿಂತಿದ್ದವು, ನಾನು ಮೂರನೇ ಗೇರ್‌ನಲ್ಲಿ ಮೆಲ್ಲಗೆ ಎಲ್ಲರನ್ನೂ ದಾಟಿಕೊಂಡು ಮನೆಗೆ ಬಂದೆ. ಆ 25 ಮೈಲಿ ನಾನು ಯಾವುದೇ ಬೇಸಿಗೆಯಲ್ಲಿ ಓಡಿಸಿದ್ದಕ್ಕಿಂತ ಚೆನ್ನಾಗಿ ಓಡಿಸಿದೆ ಅನ್ನಿಸುತ್ತೆ. ಒಳಗೆ ಸ್ವಲ್ಪ ಹಮ್ಮು ಬಂದಿತ್ತು, ಸುಳ್ಳು ಹೇಳಲ್ಲ.

ಆಮೇಲೆ ನಮ್ಮ ಕಾಂಪ್ಲೆಕ್ಸಿನ ಗೇಟು. ಸ್ನೋ ತಳ್ಳೋ ಗಾಡಿ ರಸ್ತೆ ಚೊಕ್ಕ ಮಾಡಿ, ತಳ್ಳಿದ್ದನ್ನೆಲ್ಲ ನಮ್ಮ ಒಳದಾರಿಯ ಬಾಯಿಗೆ ಅಡ್ಡಲಾಗಿ ಬದು ಹಾಕಿ ಹೋಗಿತ್ತು. ಮೊಣಕಾಲು ಎತ್ತರ ಇಲ್ಲ, ಒಂದು ಗೇಣು ಇರಬಹುದು. ಈ ಕಾರಿನ ಹೊಟ್ಟೆ ನೆಲದಿಂದ 5 ಇಂಚು ಚಿಲ್ಲರೆ. ಗೇಣು ಅಂದರೆ 9 ಇಂಚು. ಲೆಕ್ಕ ಅಷ್ಟೇ, ಟೈರಿಗೆ ಇಲ್ಲಿ ಕೆಲಸವೇ ಇಲ್ಲ. ವೇಗದಲ್ಲಿ ನುಗ್ಗಿದರೆ ದಾಟುತ್ತೆ ಅಂದುಕೊಂಡೆ. ಮುಂದಿನ ಚಕ್ರ ದಾಟಿತು, ಆಮೇಲೆ ಕರಕರ ಅಂತ ಸದ್ದು ಮಾಡಿ ಹೊಟ್ಟೆ ಬದುವಿನ ಮೇಲೆ ಕೂತಿತು. ಹಿಂದಿನ ಚಕ್ರಗಳು ಸುಮ್ನೆ ತಿರುಗುತ್ತಿವೆ, ನೆಲ ಸಿಗ್ತಿಲ್ಲ. ತೊಟ್ಟಿಲಲ್ಲಿ ಕೂಸು ಕಾಲು ಬಡಿದ ಹಾಗೆ.

ಇಳಿಯೋಕೆ ಬಾಗಿಲು ತೆರೆದರೆ ಅದೂ ಸ್ನೋಗೆ ತಾಗಿ ಅರ್ಧಕ್ಕೇ ನಿಂತಿತು. ನುಸುಳಿಕೊಂಡು ಹೊರಗೆ ಬಂದು, ಕೈಯಲ್ಲಿ ತೋಡೋಕೆ ಶುರುಮಾಡಿದೆ. ಒತ್ತಿ ಒತ್ತಿ ಸಿಮೆಂಟ್ ಆಗಿತ್ತು. ಹಿಂದೆ ನಾಲ್ಕು ಕಾರು ಸಾಲು. ಪಕ್ಕದ ಮನೆ ಅಜ್ಜ ಗಂಬೂಟು ಹಾಕಿಕೊಂಡು ಎರಡು ಸಲಿಕೆ ಹಿಡಿದು ಬಂದರು. ಒಂದು ನನಗೆ ಕೊಟ್ಟರು. ನಾನು ಹೇಳಲಿಲ್ವಾ ಅಂತ ಒಂದು ಮಾತೂ ಆಡಲಿಲ್ಲ. ಇಪ್ಪತ್ತು ನಿಮಿಷ ಹೊಟ್ಟೆಯಡಿಯಿಂದ ತೋಡಿ ತೆಗೆದೆವು, ಟ್ರ್ಯಾಕ್ಷನ್ ಕಂಟ್ರೋಲ್ ಬಂದ್ ಮಾಡು ಅಂದರು, ಮಾಡಿದೆ, ಹಿಂದಕ್ಕೆ ಮುಂದಕ್ಕೆ ಓಲಾಡಿಸಿ ಹೊರಗೆ ಬಂತು. ಕಾರಿನ ಅಡಿಯ ಒಂದು ಪ್ಲಾಸ್ಟಿಕ್ ಹಾಳೆ ಅಲ್ಲೇ ಬಿದ್ದಿತ್ತು, ಅದನ್ನೂ ಎತ್ತಿ ಕೊಟ್ಟರು.

ಎರಡು ದಿನ ಬಿಟ್ಟು 2019ರ ಆ ಪ್ರಸಿದ್ಧ ಚಳಿ. 30, 31ನೇ ತಾರೀಖು. 31ರ ಬೆಳಿಗ್ಗೆ ಡೆಟ್ರಾಯಿಟ್‌ನಲ್ಲಿ ಮೈನಸ್ 25 ಸೆಲ್ಸಿಯಸ್ ಮುಟ್ಟಿತು. ಗ್ಯಾಸ್ ಸರಬರಾಜಿನ ಒಂದು ದೊಡ್ಡ ಕೇಂದ್ರದಲ್ಲಿ ಬೆಂಕಿ ಬಿದ್ದು, ರಾತ್ರಿ ಎಲ್ಲರ ಫೋನೂ ಒಟ್ಟಿಗೆ ಕಿರುಚಿಕೊಂಡವು, ಮನೆಯ ಹೀಟರ್ 65 ಫ್ಯಾರನ್‌ಹೀಟ್‌ಗೆ ಇಳಿಸಿ ಅಂತ. ಕಾರು ಕಾರ್ಖಾನೆಗಳೂ ಕೆಲಸ ನಿಲ್ಲಿಸಿದವು. ನಮಗೂ ಮನೆಯಿಂದಲೇ ಕೆಲಸ. ಹೆಂಡತಿ ಎರಡು ಸ್ವೆಟರ್ ಹಾಕಿಕೊಂಡು ಮೆಣಸಿನ ಸಾರು ಕುದಿಸುತ್ತಿದ್ದಳು, ನಾನು ಮೆಲ್ಲಗೆ ಹೊರಗೆ ಹೊರಟೆ. ಅವತ್ತು ಕಾರು ಹೊರಗೇ ನಿಂತಿತ್ತು.

"ರೀ, ಎಲ್ಲಿಗೆ?"

"ಸುಮ್ನೆ, ಸ್ಟಾರ್ಟ್ ಆಗುತ್ತಾ ನೋಡ್ತೀನಿ."

"ಆಗದಿದ್ರೆ ಏನ್ಮಾಡ್ತೀರಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಟನ್ ಒತ್ತಿದೆ. ಎಂಜಿನ್ ಮುದುಕನ ಹಾಗೆ ಮೂರು ಸಲ ಕೆಮ್ಮಿ ಎದ್ದಿತು. ಗೇರ್ ಕೋಲು ಅಲ್ಲಾಡಿಸಿದರೆ ಆರಿದ ಬೆಲ್ಲದ ಪಾಕದಲ್ಲಿ ಸೌಟು ತಿರುಗಿಸಿದ ಹಾಗೆ. ಕ್ಲಚ್ ಪೆಡಲ್ ಕಾಲಿನ ಹಿಂದೆಯೇ ಬರದೆ ಎರಡು ಸೆಕೆಂಡ್ ಕೆಳಗೇ ಯೋಚನೆ ಮಾಡಿ ಮೇಲೆ ಬಂತು. ಬಟ್ಟೆ ಟಾಪ್ ತಗಡಿನ ಹಾಗೆ ಗಟ್ಟಿ, ಬೆರಳಿನಿಂದ ತಟ್ಟಿದರೆ ಟಣ್ ಅಂತಿತ್ತು. ಐದು ನಿಮಿಷ ಬಿಟ್ಟು ಬಂದ್ ಮಾಡಿ ಒಳಗೆ ಬಂದೆ. ಅಷ್ಟರಲ್ಲೇ ಮೀಸೆಯಲ್ಲಿ ಐಸ್ ಕಟ್ಟಿತ್ತು.

ಚಳಿಗಿಂತ ಕೆಟ್ಟದ್ದು ಅದು ಹೋದ ಮೇಲೆ ಬಂತು. ಫೆಬ್ರವರಿ ಮೊದಲ ವಾರಕ್ಕೇ ಎಲ್ಲ ಕರಗಿ, ಮತ್ತೆ ಹೆಪ್ಪುಗಟ್ಟಿ, ಮತ್ತೆ ಕರಗಿ, ರಸ್ತೆಯೆಲ್ಲ ಗುಂಡಿ. ನೀರು ಡಾಂಬರಿನ ಬಿರುಕಿಗೆ ಇಳಿದು ಐಸ್ ಆಗಿ ಉಬ್ಬಿದಾಗ ಡಾಂಬರು ಕಿತ್ತುಕೊಳ್ಳುತ್ತೆ. ಮಿಷಿಗನ್‌ನಲ್ಲಿ 11 ಆ್ಯಕ್ಸಲ್ ಇರೋ ಟ್ರಕ್ಕುಗಳು 1,64,000 ಪೌಂಡ್‌ವರೆಗೆ ಹೊರಬಹುದು, ಅದೂ ಸೇರಿಕೊಳ್ಳುತ್ತೆ. ಆ ಜನವರಿಯಲ್ಲಿ ಅಧಿಕಾರಕ್ಕೆ ಬಂದ ಗವರ್ನರ್ ಗ್ರೆಚೆನ್ ವಿಟ್ಮರ್ ಚುನಾವಣೆ ಗೆದ್ದದ್ದೇ "ಈ ಹಾಳು ರಸ್ತೆ ರಿಪೇರಿ ಮಾಡಿ" ಅನ್ನೋ ಘೋಷಣೆ ಇಟ್ಟುಕೊಂಡು ಅಂದರೆ ಲೆಕ್ಕ ಹಾಕಿ. ಬೆಂಗಳೂರಿನಲ್ಲಿ ಬೈಕ್ ಓಡಿಸಿದ ಅನುಭವ ಇಲ್ಲಿ ಕೆಲಸಕ್ಕೆ ಬಂತು, ಆದರೂ ಒಂದು ಸಂಜೆ ನೀರು ತುಂಬಿದ್ದ ಒಂದು ಗುಂಡಿ ಗೊತ್ತಾಗಲಿಲ್ಲ. ಧಡ್! ಮುಂದಿನ ಬಲ ಚಕ್ರದ ಒಳ ಅಂಚು ಒಂದು ಬೆರಳಿನಷ್ಟು ಬಗ್ಗಿತು. ಟೈರು ಒಡೆಯಲಿಲ್ಲ. ಬೇಸಿಗೆಯ 17 ಇಂಚಿನ ಚಕ್ರ ಆಗಿದ್ದರೆ ಎರಡೂ ಹೋಗುತ್ತಿದ್ದವು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಧ್ಯಾಹ್ನದ ಬಗ್ಗೆ ಹೇಳದಿದ್ದರೆ ಲೆಕ್ಕ ಸರಿಹೋಗಲ್ಲ. ಮಾರ್ಚ್ ಮಧ್ಯ. 9 ಡಿಗ್ರಿ, ಬಿಸಿಲು. ರಸ್ತೆ ಪಕ್ಕ ಇನ್ನೂ ಕಪ್ಪು ಹಿಡಿದ ಸ್ನೋ ರಾಶಿ. 5 ಡಿಗ್ರಿಗಿಂತ ಕೆಳಗಿದ್ದಾಗ ಬಟ್ಟೆ ಟಾಪ್ ತೆರೆಯಬೇಡಿ ಅನ್ನೋದು ನಿಯಮ, ಹಾಗಾಗಿ ನಾಲ್ಕು ತಿಂಗಳಿಂದ ಮುಟ್ಟಿರಲಿಲ್ಲ. ಆಫೀಸು ಮುಗಿಸಿ ಬಂದು ಕೊಂಡಿ ಬಿಚ್ಚಿ ಕೈಯಿಂದ ಹಿಂದಕ್ಕೆ ಎಸೆದೆ. ಹೀಟರ್ ಪೂರ್ತಿ, ಕಾಲಿಗೆ ಬಿಸಿ ಗಾಳಿ, ತಲೆಗೆ ಮಂಕಿ ಟೋಪಿ. ಕೆರೆ ಏರಿ ಮೇಲೆ ಸೌದೆ ಒಲೆ ಹಚ್ಚಿಕೊಂಡು ಕೂತ ಸುಖ. ಸಿಗ್ನಲ್‌ನಲ್ಲಿ ಪಕ್ಕದ ಕಾರಿನ ಮಗುವೊಂದು ಕಿಟಕಿಗೆ ಮೂಗು ಒತ್ತಿಕೊಂಡು ನೋಡುತ್ತಿತ್ತು. ಅಜ್ಜನ ಕಾರ್ವೆಟ್ ಅವತ್ತೂ ಹೊದಿಕೆಯೊಳಗೇ ಇತ್ತು.

ಏಪ್ರಿಲ್‌ನಲ್ಲಿ ಗೊತ್ತಿದ್ದ ಒಬ್ಬರ ಗ್ಯಾರೇಜಿಗೆ ಹೋಗಿ ಕಾರನ್ನು ಲಿಫ್ಟ್ ಮೇಲೆ ಎತ್ತಿಸಿದೆ. ಟಾರ್ಚ್ ಹಿಡಿದು ಅರ್ಧ ಗಂಟೆ ನೋಡಿದೆವು. ಸೈಲೆನ್ಸರ್ ಜೋಡಣೆಯ ಬೋಲ್ಟುಗಳೆಲ್ಲ ಕಂದು. ಬ್ರೇಕ್ ಡಿಸ್ಕಿನ ನಡುಭಾಗ ಕಂದು. ಹಿಂದಿನ ಸಬ್‌ಫ್ರೇಮ್‌ನಲ್ಲಿ, ಅಂದರೆ ಚಕ್ರಗಳನ್ನು ಹಿಡಿದಿರೋ ಚೌಕಟ್ಟಿನಲ್ಲಿ, ಒಂದು ಬೆಸುಗೆಯ ಉದ್ದಕ್ಕೂ ಸಣ್ಣಗೆ ಅರಿಶಿನದ ಗೆರೆ ಎಳೆದ ಹಾಗೆ ತುಕ್ಕು ಶುರುವಾಗಿತ್ತು, ಅಲ್ಲಿ ನನ್ನ ಸ್ಪ್ರೇ ತಲುಪಿರಲಿಲ್ಲ. ಜಿಡ್ಡು ಇದ್ದ ಕಡೆ ಒರೆಸಿ ನೋಡಿದರೆ ಬಣ್ಣ ಹಾಗೇ ಇತ್ತು. ತಂತಿ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ತಡೆಯೋ ಬಣ್ಣ ಹಚ್ಚಿದೆ.

ಹಾಗಾದ್ರೆ ಓಡಿಸಬಹುದಾ ಅಂತ ಕೇಳಿದರೆ, ನನ್ನ ಮಟ್ಟಿಗೆ ಹೌದು. ಟೈರು ಬದಲಾಯಿಸಿ, ತಳಕ್ಕೆ ಜಿಡ್ಡು ಹೊಡೆಸಿ, 5 ಇಂಚಿಗಿಂತ ಜಾಸ್ತಿ ಸ್ನೋ ಬಿದ್ದ ದಿನ ಮನೆಯಲ್ಲಿರಿ. ಅಂಥ ದಿನ ನನಗೆ ಆ ವರ್ಷ ಬೆರಳೆಣಿಕೆಯಷ್ಟು. ಆದರೆ ಅಜ್ಜನ ಕಾರ್ವೆಟ್‌ನಂಥ ಇನ್ನು ತಯಾರಾಗದ ಗಾಡಿಯನ್ನು ನಾನಾಗಿದ್ದರೂ ಉಪ್ಪಿಗೆ ಇಳಿಸುತ್ತಿರಲಿಲ್ಲ. ನನ್ನದು ಹತ್ತು ಲಕ್ಷಕ್ಕೂ ಜಾಸ್ತಿ ತಯಾರಾದ ಜಾತಿ, 1989ರಿಂದ ಬರ್ತಾನೇ ಇದೆ, ಬೋಲ್ಟು ಹೋದರೆ ಇನ್ನೊಂದು ಸಿಗುತ್ತೆ.

ಬೇಸಿಗೆ ಚಕ್ರ ಹಾಕಿದ ಶನಿವಾರ ಗ್ಯಾರೇಜ್ ಗುಡಿಸಿದೆ. ಕಾರು ನಿಲ್ಲುತ್ತಿದ್ದ ಜಾಗದಲ್ಲಿ, ನಾಲ್ಕು ಚಕ್ರದ ಸುತ್ತ, ಐದು ತಿಂಗಳು ತೊಟ್ಟಿಕ್ಕಿ ಒಣಗಿದ ಉಪ್ಪು. ಒಟ್ಟು ಮಾಡಿದರೆ ಒಂದು ಮೊರದಷ್ಟು ಆಯಿತು, ಬೂದು ಬಣ್ಣ, ಮಧ್ಯೆ ಮಧ್ಯೆ ಹರಳು ಮಿಂಚುತ್ತಿತ್ತು. ಎತ್ತಿ ಕಸದ ಡಬ್ಬಿಗೆ ಹಾಕೋಕೆ ಹೋದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ರೀ, ಉಪ್ಪು ಯಾಕೆ ಚೆಲ್ತೀರಾ? ನವೆಂಬರ್‌ಗೆ ಮೆಟ್ಟಿಲಿಗೆ ಹಾಕೋಕೆ ಆಗುತ್ತೆ, ಇಡಿ."

ಖಾಲಿ ಅಕ್ಕಿ ಚೀಲ ಒಂದನ್ನು ತಂದುಕೊಟ್ಟಳು. ಅದರಲ್ಲಿ ತುಂಬಿ, ಬಾಯಿ ಕಟ್ಟಿ, ಬ್ಲಿಜಾಕ್‌ಗಳ ಪಕ್ಕ ಇಟ್ಟೆ.